ಬೆಕ್ಕಿನ ಮರಿಗೆ ಮೊದಲು ಡಾಕ್ಟ್ರು, ಆಮೇಲೆ ಇನ್ಶೂರೆನ್ಸ್

ಸಾಕುಪ್ರಾಣಿ: ನಿಮ್ಮ ಪ್ರಶ್ನೆ, ಪಶುವೈದ್ಯೆಯ ಉತ್ತರ

ಪ್ರಶ್ನೆ: ಡಾಕ್ಟ್ರೇ, ನಮ್ಮ ಮನೆ ಉಡುಪಿಯ ಸಂತೆಕಟ್ಟೆ ಹತ್ತಿರ. ಮಗಳು ಗೆಳತಿಯ ಮನೆಯಿಂದ ಎರಡು ತಿಂಗಳ ಹೆಣ್ಣು ಮರಿಯೊಂದನ್ನು ತಂದಿದ್ದಾಳೆ. ಜಾತಿ ಬೆಕ್ಕಲ್ಲ, ನಾಡು ಬೆಕ್ಕು. ಬೆಂಗಳೂರಲ್ಲಿರುವ ನನ್ನ ತಮ್ಮ “ಅಕ್ಕ, ಈಗಲೇ ಪೆಟ್ ಇನ್ಶೂರೆನ್ಸ್ ಮಾಡಿಸು” ಅಂತ ಫೋನ್ ಮಾಡುತ್ತಲೇ ಇದ್ದಾನೆ. ಇಲ್ಲಿನ ಒಂದು ಕ್ಲಿನಿಕ್ಕಿನಲ್ಲಿ ವರ್ಷದ ಪ್ಯಾಕೇಜ್ ಇದೆಯಂತೆ. ನಮ್ಮ ಅತ್ತೆ “ಪುಚ್ಚೆಗೆ ಎಂತ ಇನ್ಶೂರೆನ್ಸ್ ಮಾರಾಯ್ತಿ?” ಅನ್ನುತ್ತಾರೆ. ಎರಡೂ ಬೇಕಾ, ಒಂದು ಸಾಕಾ?
– ಓದುಗಿ, ಸಂತೆಕಟ್ಟೆ

ಉತ್ತರ: ನಿಮ್ಮ ಅತ್ತೆಯವರು ಕೇಳಿದ್ದು ಸರಿಯಾಗಿಯೇ ಇದೆ. ಇನ್ಶೂರೆನ್ಸ್ ಎಂತದಕ್ಕೆ ಅಂತ ಗೊತ್ತಾದ ಮೇಲೆಯೇ ಬೇಕೋ ಬೇಡವೋ ಹೇಳಲಿಕ್ಕಾಗುವುದು.

ಮರಿಯ ಮೊದಲ ವರ್ಷದ ಖರ್ಚು ಹೆಚ್ಚುಕಡಿಮೆ ಈಗಲೇ ಗೊತ್ತಿರುವಂಥದ್ದು. 8 ವಾರಕ್ಕೆ ಟ್ರೈಕ್ಯಾಟ್ ಲಸಿಕೆ. ಪ್ಯಾನ್‌ಲ್ಯೂಕೋಪೀನಿಯ, ಹರ್ಪಿಸ್, ಕ್ಯಾಲಿಸಿ ಎಂಬ ಮೂರು ರೋಗಗಳಿಗೆ ಅದೊಂದೇ ಲಸಿಕೆ. ಆಮೇಲೆ 3-4 ವಾರಕ್ಕೊಮ್ಮೆ, ಮರಿಗೆ 16 ವಾರ ತುಂಬುವವರೆಗೆ ಹಾಕಿಸಬೇಕು. ‘ಒಂದು ಸಲ ಹಾಕಿಸಿದ್ದೇವಲ್ಲ’ ಅಂತ ಅಲ್ಲಿಗೇ ಬಿಡುವವರು ಜಾಸ್ತಿ. ತಾಯಿ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವ ತನಕ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ. ಆ ರಕ್ಷಣೆ ಯಾವ ವಾರ ಇಳಿಯುತ್ತದೆ ಅಂತ ಮರಿಯನ್ನು ನೋಡಿ ಹೇಳುವ ಹಾಗಿಲ್ಲ. ಅದಕ್ಕೇ ಮತ್ತೆ ಮತ್ತೆ ಹಾಕುವುದು.

3 ತಿಂಗಳಿಗೆ ರೇಬೀಸ್ ಲಸಿಕೆ, ಮತ್ತೆ ವರ್ಷಕ್ಕೊಮ್ಮೆ. ಜಂತುಹುಳದ ಔಷಧ 6 ತಿಂಗಳವರೆಗೆ ತಿಂಗಳಿಗೊಮ್ಮೆ. ಚಿಗಟಕ್ಕೆ ಬೆಕ್ಕಿಗೆಂದೇ ಇರುವ ಔಷಧ. ನಾಯಿಗೆ ತಂದು ಉಳಿದದ್ದನ್ನು ಹಾಕಬೇಡಿ, ಅದರಲ್ಲಿ ಪರ್ಮೆತ್ರಿನ್ ಇದ್ದರೆ ಬೆಕ್ಕಿಗೆ ವಿಷ. 5 ತಿಂಗಳ ಹೊತ್ತಿಗೆ ಸಂತಾನಹರಣ ಆಪರೇಷನ್. ಹೆಣ್ಣು ಮರಿ ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು, ಗರ್ಭ ನಿಂತರೆ ಒಂಬತ್ತು ವಾರದಲ್ಲಿ ಮರಿ ಹಾಕುತ್ತದೆ. ‘ಇನ್ನೂ ಚಿಕ್ಕದು’ ಅಂತ ಕಾಯುತ್ತಾ ಕೂತರೆ ನಿಮ್ಮ ಮಗಳಿಗೆ ಇನ್ನೂ ನಾಲ್ಕು ಮರಿಗೆ ಮನೆ ಹುಡುಕುವ ಕೆಲಸ.

ಈ ಲಸಿಕೆ, ಹುಳದ ಔಷಧ, ಆಪರೇಷನ್ ಯಾವುದಕ್ಕೂ ಸಾಮಾನ್ಯವಾಗಿ ಇನ್ಶೂರೆನ್ಸ್ ದುಡ್ಡು ಕೊಡುವುದಿಲ್ಲ. ಅದು ಇರುವುದು ಅಪಘಾತ, ಹಠಾತ್ ಕಾಯಿಲೆ, ದೊಡ್ಡ ಸರ್ಜರಿ, ಇಂಥದ್ದಕ್ಕೆ. ಹಾಗಾಗಿ ನಿಮ್ಮ ಕೈಯಲ್ಲಿ ದುಡ್ಡು ಸ್ವಲ್ಪವೇ ಇದ್ದರೆ ಮೊದಲು ಲಸಿಕೆ ಪೂರ್ತಿ ಮಾಡಿಸಿ, ಆಪರೇಷನ್ ಮಾಡಿಸಿ. ಉಳಿದರೆ ಪಾಲಿಸಿ ನೋಡಿ. ಈ ಕ್ರಮ ತಿರುಗಿಸಬೇಡಿ ಅಂತ ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಪ್ಯಾನ್‌ಲ್ಯೂಕೋಪೀನಿಯ ಬಂದ ಮರಿಯನ್ನು ನೀವು ನೋಡಿರಲಿಕ್ಕಿಲ್ಲ. ನೀರಿನ ಬಟ್ಟಲಿನ ಮುಂದೆ ತಲೆ ಇಳಿಬಿಟ್ಟು ಕೂತಿರುತ್ತದೆ. ಬಾಯಾರಿಕೆ ಇದೆ, ಆದರೆ ಕುಡಿಯಲಿಕ್ಕಾಗುವುದಿಲ್ಲ. ವಾಂತಿ, ಭೇದಿ, ಜ್ವರ. ಮೈಯ ನೀರೆಲ್ಲ ಹೋಗಿ ಕತ್ತಿನ ಚರ್ಮ ಹಿಡಿದು ಎತ್ತಿ ಬಿಟ್ಟರೆ ಹಾಗೇ ನಿಂತಿರುತ್ತದೆ. ದಿನಗಟ್ಟಲೆ ಡ್ರಿಪ್ ಹಾಕಿದರೂ ಲಸಿಕೆ ಇಲ್ಲದ ಮರಿಗಳಲ್ಲಿ ಹೆಚ್ಚಿನವು ಉಳಿಯುವುದಿಲ್ಲ. ಆ ವೈರಸ್ ಮನೆಯ ನೆಲದಲ್ಲಿ, ಹಾಸಿಗೆಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ನಿಮ್ಮ ಚಪ್ಪಲಿಗೆ ಅಂಟಿ ಒಳಗೆ ಬರುತ್ತದೆ, ಆದ್ದರಿಂದ ‘ನಮ್ಮದು ಮನೆಯೊಳಗೇ ಇರುವ ಬೆಕ್ಕು’ ಅನ್ನುವ ಮಾತಿಗೂ ಅರ್ಥವಿಲ್ಲ. ಇನ್ನೊಂದು ವಿಷಯ: ಲಸಿಕೆ ತಪ್ಪಿಸಿದ ಪ್ರಾಣಿಗೆ ಲಸಿಕೆಯಿಂದ ತಡೆಯಬಹುದಾಗಿದ್ದ ರೋಗ ಬಂದರೆ ಪಾಲಿಸಿಗಳು ಸಾಮಾನ್ಯವಾಗಿ ಕ್ಲೇಮ್ ಒಪ್ಪುವುದಿಲ್ಲ.

ಈಗ ಪ್ಯಾಕೇಜ್. ಇದು ಇನ್ಶೂರೆನ್ಸ್ ಅಲ್ಲ, ಮುಂದೆ ಕೊಡಬೇಕಾದದ್ದನ್ನು ಈಗಲೇ ಒಟ್ಟಿಗೆ ಕೊಡುವುದು. ತಪ್ಪೇನೂ ಇಲ್ಲ, ದಿನಾಂಕ ಮರೆಯದ ಹಾಗೆ ಅವರೇ ಫೋನ್ ಮಾಡುತ್ತಾರೆ ಅಂದರೆ ಒಳ್ಳೆಯದೇ. ಆದರೆ ಒಂದು ಕಾಗದ ಹಿಡಿದು ಕೂತುಕೊಳ್ಳಿ. ಮೇಲೆ ಹೇಳಿದ ಒಂದೊಂದಕ್ಕೂ ಬಿಡಿಯಾಗಿ ಎಷ್ಟಾಗುತ್ತದೆ ಅಂತ ಅದೇ ಕ್ಲಿನಿಕ್ಕಿನಲ್ಲಿ ಕೇಳಿ ಬರೆದು ಕೂಡಿಸಿ. ಪ್ಯಾಕೇಜಿನ ದರದ ಪಕ್ಕ ಇಟ್ಟು ನೋಡಿ. ಸಂತಾನಹರಣ ಸೇರಿದೆಯಾ, ಇಲ್ಲವಾ? ಸೇರಿದೆ ಅಂದರೆ ಅರಿವಳಿಕೆ, ಆಪರೇಷನ್ ಮುಂಚಿನ ರಕ್ತಪರೀಕ್ಷೆ, ಆಮೇಲಿನ ನೋವಿನ ಔಷಧ ಎಲ್ಲ ಅದರಲ್ಲೇ ಬರುತ್ತದಾ? ಮಧ್ಯದಲ್ಲಿ ಊರು ಬಿಟ್ಟರೆ, ಇಲ್ಲವೇ ಮರಿಯೇ ಉಳಿಯದಿದ್ದರೆ ಬಾಕಿ ದುಡ್ಡು ವಾಪಸ್ ಉಂಟಾ? ಕೇಳಲಿಕ್ಕೆ ಸಂಕೋಚ ಬೇಡ, ಬರೆದೇ ಕೊಡಲಿ. ‘ಔಷಧಕ್ಕೆ ರಿಯಾಯಿತಿ’ ಅನ್ನುವ ಸಾಲಿಗಾಗಿ ಮಾತ್ರ ಯಾವ ಪ್ಯಾಕೇಜನ್ನೂ ತೆಗೆದುಕೊಳ್ಳಬೇಡಿ. ಆರೋಗ್ಯವಾಗಿರುವ ಮರಿಗೆ ಅಷ್ಟೆಲ್ಲ ಔಷಧ ಬೇಡ.

ಪ್ಯಾಕೇಜಿಗಿಂತ ಮೊದಲು ಡಾಕ್ಟ್ರನ್ನು ನೋಡಿ. ನಾನು ಸರ್ಕಾರಿ ಪಶು ಆಸ್ಪತ್ರೆಯಲ್ಲಿದ್ದಾಗ ರಾತ್ರಿ ಕರೆ ಬಂದರೆ ಅದು ದನ ಕರು ಹಾಕಲಿಕ್ಕೆ ಕಷ್ಟಪಡುತ್ತಿದೆ ಅಂತಲೇ ಇರುತ್ತಿತ್ತು. ಈಗ ನನ್ನ ಕ್ಲಿನಿಕ್ಕಿನ ಫೋನಿನಲ್ಲಿ ರಾತ್ರಿ ಬರುವುದು ಬೆಕ್ಕಿನ ಸುದ್ದಿ. ಬಾವಿಗೆ ಬಿತ್ತು, ಇಲಿಪಾಷಾಣ ತಿಂದಿತು, ಬೈಕಿನಡಿ ಸಿಕ್ಕಿತು. ಹಾಗಾಗಿ ನೀವು ಕೇಳಬೇಕಾದ ಮೊದಲ ಪ್ರಶ್ನೆ, ‘ರಾತ್ರಿ ಹತ್ತರ ಮೇಲೆ ಯಾರಿಗೆ ಫೋನ್ ಮಾಡಬೇಕು?’ ಎರಡನೆಯದು, ಎಕ್ಸ್‌ರೇ, ರಕ್ತಪರೀಕ್ಷೆ ಅಲ್ಲೇ ಆಗುತ್ತದಾ, ಮಣಿಪಾಲಕ್ಕೋ ಮಂಗಳೂರಿಗೋ ಓಡಬೇಕಾ? ಜುಲೈ ತಿಂಗಳ ಮಳೆಯಲ್ಲಿ ಆ ದಾರಿ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನಿಮಗೇ ಗೊತ್ತಲ್ವಾ. ತೀರಾ ಕಷ್ಟದ ಕೇಸುಗಳಿಗೆ ಶಿವಮೊಗ್ಗದಲ್ಲೂ ಬೆಂಗಳೂರಿನ ಹೆಬ್ಬಾಳದಲ್ಲೂ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆ ಇದೆ. ಸರ್ಕಾರಿ ಪಶು ಆಸ್ಪತ್ರೆಯನ್ನೂ ಮರೆಯಬೇಡಿ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಸಮಯದಲ್ಲಿ ಇಲಾಖೆಯವರು ಊರೂರಲ್ಲಿ ಉಚಿತ ರೇಬೀಸ್ ಲಸಿಕೆ ಶಿಬಿರ ಮಾಡುತ್ತಾರೆ.

ಕೊನೆಗೆ ಪಾಲಿಸಿ. ನಮ್ಮ ದೇಶದಲ್ಲಿ ಪೆಟ್ ಇನ್ಶೂರೆನ್ಸ್ ಬೆಳೆದದ್ದು ಮುಖ್ಯವಾಗಿ ನಾಯಿಗಾಗಿ. ಬೆಕ್ಕಿಗೆ ಕೊಡುವ ಕಂಪನಿಗಳು ಕಡಿಮೆ. ನಾಡು ಬೆಕ್ಕನ್ನು ಸೇರಿಸಿಕೊಳ್ಳುತ್ತಾರಾ, ಎಷ್ಟು ವಯಸ್ಸಿನಿಂದ, ಅಂತ ಮೊದಲೇ ಕೇಳಿ. ‘ಬೆಕ್ಕು ಸತ್ತರೆ ಇಷ್ಟು’ ಅನ್ನುವ ಭಾಗ ನಿಮಗೆ ಅಷ್ಟೇನೂ ಉಪಯೋಗವಿಲ್ಲ, ಕೊಂಡ ಬಿಲ್ಲೇ ಇಲ್ಲದ ಮರಿಗೆ ಬೆಲೆ ಕಟ್ಟುವುದು ಹೇಗೆ? ‘ಕಳೆದುಹೋದರೆ’ ಅನ್ನುವ ಭಾಗವೂ ಹಿತ್ತಲಿಗೆ ಹೋಗಿ ಬರುವ ಬೆಕ್ಕಿಗೆ ಷರತ್ತು ತುಂಬಿದ್ದು. ನಿಮಗೆ ಬೇಕಾದದ್ದು ಆಸ್ಪತ್ರೆ ಖರ್ಚು ಮತ್ತು ಸರ್ಜರಿ, ಅಷ್ಟೇ. ಅದರಲ್ಲೂ ಓದಬೇಕಾದ ಸಾಲುಗಳಿವೆ. ಕ್ಲೇಮ್ ಮಾಡಲಿಕ್ಕೆ ಪಾಲಿಸಿ ಶುರುವಾಗಿ ಎಷ್ಟು ದಿನ ಕಾಯಬೇಕು? ಒಂದೊಂದು ಕಾಯಿಲೆಗೆ ಬೇರೆ ಮಿತಿ ಇದೆಯಾ? ಪ್ರತಿ ಬಿಲ್ಲಿನಲ್ಲಿ ನಮ್ಮ ಪಾಲು ಎಷ್ಟು?

ಒಂದು ಲೆಕ್ಕ ಹಾಕಿ ನೋಡೋಣ, ಸುಮ್ನೆ ಉದಾಹರಣೆಗೆ. ಬಿಲ್ 12,000 ರೂಪಾಯಿ. ನಿಮ್ಮ ಪಾಲು ಶೇಕಡಾ 20 ಅಂದರೆ 2,400 ನಿಮ್ಮದು, 9,600 ಅವರದ್ದು. ಆದರೆ ಆ ಕಾಯಿಲೆಗೆ 5,000ದ ಮಿತಿ ಇದ್ದರೆ ನಿಮಗೆ ಸಿಗುವುದು ಹೆಚ್ಚೆಂದರೆ ಅಷ್ಟೇ. ಪಾಲಿಸಿಯ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ 50,000 ಅಂತ ಇದ್ದರೂ ಲೆಕ್ಕಕ್ಕೆ ಬರುವುದು ಒಳಪುಟದ ಮಿತಿ.

ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮ ನಾಡು ಮರಿಗೆ ಒಂದು ಆರ್‌ಡಿ ಖಾತೆ ಸಾಕು. ತಿಂಗಳಿಗೆ 300 ಹಾಕಿದರೆ ವರ್ಷಕ್ಕೆ 3,600, ಮೂರು ವರ್ಷಕ್ಕೆ ಬಡ್ಡಿ ಬಿಟ್ಟು 10,800. ಬೆಕ್ಕು ಆರೋಗ್ಯವಾಗಿದ್ದರೆ ದುಡ್ಡು ನಿಮ್ಮದೇ. ಆದರೆ ದಿಢೀರ್ ಅಂತ ಇಪ್ಪತ್ತು ಸಾವಿರ ತೆಗೆಯಲಿಕ್ಕೆ ಮನೆಯಲ್ಲಿ ಕಷ್ಟ ಅಂತಾದರೆ ತಮ್ಮನ ಮಾತು ಕೇಳಿ, ಮತ್ತು ಈಗಲೇ ಮಾಡಿಸಿ. ಕಾಯಿಲೆ ಕಾಣಿಸಿಕೊಂಡ ಮೇಲೆ ಮಾಡಿಸಿದರೆ ಅದನ್ನು ‘ಮೊದಲೇ ಇದ್ದದ್ದು’ ಅಂತ ಹೊರಗಿಡುತ್ತಾರೆ. ದುಡ್ಡು ಉಳಿಸಲಿಕ್ಕೆಂದು ಮನೆಯಲ್ಲಿದ್ದ ಜ್ವರದ ಮಾತ್ರೆ ಮಾತ್ರ ಕೊಡಬೇಡಿ. ಒಂದೇ ಒಂದು ಪ್ಯಾರಾಸಿಟಮಾಲ್ ಸಾಕು, ಬೆಕ್ಕಿನ ಜೀವ ಹೋಗಲಿಕ್ಕೆ.

ಪ್ಯಾಕೇಜೋ ಪಾಲಿಸಿಯೋ, ಯಾವುದೇ ಆಗಲಿ, ಲಸಿಕೆ ಪುಸ್ತಕ ಬೇಕೇ ಬೇಕು. ಲಸಿಕೆ ಬಾಟಲಿಯ ಮೇಲೆ ಬ್ಯಾಚ್ ನಂಬರಿನ ಪುಟ್ಟ ಸ್ಟಿಕ್ಕರ್ ಇರುತ್ತದೆ. ಅದನ್ನು ಕಿತ್ತು ಪುಸ್ತಕದಲ್ಲಿ ಅಂಟಿಸಿ, ಪಕ್ಕದಲ್ಲಿ ದಿನಾಂಕ, ಡಾಕ್ಟ್ರ ಸಹಿ, ನೋಂದಣಿ ಸಂಖ್ಯೆಯ ಸೀಲು ಬೀಳಬೇಕು. ನಿಮ್ಮ ಕಣ್ಣೆದುರೇ ಅಂಟಿಸಿ ಅಂತ ಕೇಳಿ. ಮನೆಗೆ ಬಂದು ಒಂದು ಫೋಟೊ ತೆಗೆದಿಡಿ, ನಮ್ಮ ಮಳೆಗಾಲದ ತೇವಕ್ಕೆ ಸೀಲಿನ ಶಾಯಿ ಹರಡಿ ಓದಲಿಕ್ಕಾಗದ ಹಾಗೆ ಆಗುತ್ತದೆ.

ಪ್ರಶ್ನೆ: ಮಂಗಳೂರಿನ ಬಿಜೈಯಲ್ಲಿ ಆರನೇ ಮಹಡಿಯ ಫ್ಲ್ಯಾಟಿನಲ್ಲಿದ್ದೇವೆ. ಮೂರು ತಿಂಗಳ ಗಂಡು ಪರ್ಷಿಯನ್ ಮರಿ ಕೊಂಡೆವು. ಮಾರಿದವರು ‘ಲಸಿಕೆ ಎಲ್ಲ ಆಗಿದೆ’ ಎಂದರು, ಪುಸ್ತಕ ಕೊಡಲಿಲ್ಲ. ಇನ್ಶೂರೆನ್ಸ್‌ನವರು ಮೈಕ್ರೋಚಿಪ್ ಹಾಕಿಸಿ ಅನ್ನುತ್ತಾರೆ. ನೋವಾಗುತ್ತದಾ ಡಾಕ್ಟ್ರೇ?
– ಓದುಗ, ಮಂಗಳೂರು

ಉತ್ತರ: ಪುಸ್ತಕ ಇಲ್ಲ ಅಂದರೆ ಲಸಿಕೆ ಆಗಿಲ್ಲ ಅಂತಲೇ ತಿಳಿದು ಮೊದಲಿಂದ ಶುರು ಮಾಡಿ. ಹಾಕಿದ್ದರೂ ಇನ್ನೊಮ್ಮೆ ಹಾಕಿದರೆ ತೊಂದರೆ ಆಗುವುದಿಲ್ಲ.

ಚಿಪ್ ಅಕ್ಕಿಕಾಳಿನಷ್ಟು ದೊಡ್ಡದು. ಹೆಗಲ ಮೂಳೆಗಳ ನಡುವೆ ಚರ್ಮದಡಿ ಸೂಜಿಯಿಂದ ಹಾಕುತ್ತೇವೆ, ಲಸಿಕೆಯ ಸೂಜಿಗಿಂತ ಸ್ವಲ್ಪ ದಪ್ಪ. ಮರಿ ಒಮ್ಮೆ ಮಿಯಾಂವ್ ಅನ್ನಬಹುದು, ಅಷ್ಟೇ. ಒಳಗೆ 15 ಅಂಕಿಯ ಸಂಖ್ಯೆ ಇರುತ್ತದೆ, ಸ್ಕ್ಯಾನರ್ ಹಿಡಿದರೆ ಕಾಣುತ್ತದೆ. ಅದು ಜಿಪಿಎಸ್ ಅಲ್ಲ, ಬೆಕ್ಕು ಎಲ್ಲಿದೆ ಅಂತ ಫೋನಿನಲ್ಲಿ ತೋರಿಸುವುದಿಲ್ಲ. ಹಾಕಿದ ಕೂಡಲೇ ಒಮ್ಮೆ ಸ್ಕ್ಯಾನ್ ಮಾಡಿಸಿ, ಪಾಲಿಸಿಯಲ್ಲೂ ಪುಸ್ತಕದಲ್ಲೂ ಅದೇ ಸಂಖ್ಯೆ ಇದೆಯಾ ನೋಡಿ. ಒಂದು ಅಂಕಿ ತಪ್ಪಿದರೂ ಕ್ಲೇಮ್ ಹೊತ್ತಿಗೆ ತಲೆನೋವು.

ನಿಮ್ಮ ಮರಿಗೆ ನಾನು ಪಾಲಿಸಿ ಬೇಡ ಅನ್ನುವುದಿಲ್ಲ. ಆದರೆ ಪರ್ಷಿಯನ್ ಬೆಕ್ಕಿನಲ್ಲಿ ಮೂತ್ರಪಿಂಡದಲ್ಲಿ ನೀರುಗುಳ್ಳೆಗಳಾಗುವ ಕಾಯಿಲೆ ವಂಶದಿಂದ ಬರುತ್ತದೆ. ವಂಶಪಾರಂಪರ್ಯ ಕಾಯಿಲೆ, ಹುಟ್ಟಿನಿಂದ ಬಂದ ಕಾಯಿಲೆ ಎರಡನ್ನೂ ಹೊರಗಿಡುವ ಪಾಲಿಸಿ ಬಹಳ. ಆ ಸಾಲನ್ನು ಹುಡುಕಿ ಓದಿ. ಸಾಧ್ಯವಾದರೆ ಒಂದು ವರ್ಷದ ಹೊತ್ತಿಗೆ ಅಲ್ಟ್ರಾಸೌಂಡ್ ಮಾಡಿಸಿ.

ಗಂಡು ಬೆಕ್ಕಿನ ಮೂತ್ರನಾಳ ತುಂಬಾ ಸಪೂರ. ಮರಳಿನ ಟ್ರೇಯಲ್ಲಿ ಮತ್ತೆ ಮತ್ತೆ ಕೂತು ತಿಣುಕುತ್ತಿದೆ, ಒಂದು ತೊಟ್ಟೂ ಬರುತ್ತಿಲ್ಲ ಅಂದರೆ ‘ಮಲಬದ್ಧತೆ ಇರಬೇಕು’ ಅಂತ ಬೆಳಗಿನವರೆಗೆ ಕಾಯಬೇಡಿ. ಒಂದೆರಡು ದಿನದಲ್ಲಿ ಜೀವಕ್ಕೇ ಬರುತ್ತದೆ. ಪಾಲಿಸಿಯವರಿಗೆ ತಿಳಿಸುವುದು ಆಮೇಲೆ, ಮೊದಲು ಡಾಕ್ಟ್ರ ಹತ್ತಿರ ಓಡಿ.

ಮತ್ತೆ ಆರನೇ ಮಹಡಿ ಅಂದಿರಿ. ಬಾಲ್ಕನಿಗೆ ನೆಟ್ ಹಾಕಿಸಿದ್ದೀರಾ? ಪಾರಿವಾಳ ಕಂಡರೆ ಬೆಕ್ಕಿಗೆ ಎತ್ತರದ ನೆನಪು ಇರುವುದಿಲ್ಲ. ಇದೇ ವಾರ ಹಾಕಿಸಿ, ಪ್ರೀಮಿಯಂ ಕಟ್ಟುವುದಕ್ಕೂ ಮುಂಚೆ.

ಪ್ರಶ್ನೆ: ನಮ್ಮ ಬೆಕ್ಕಿನ ಕಾಲು ಮುರಿದು ಆಪರೇಷನ್ ಆಯಿತು. ಕಂಪನಿಯವರು ‘ದಾಖಲೆ ಸರಿ ಇಲ್ಲ’ ಎಂದು ಒಂದೇ ಸಾಲಿನಲ್ಲಿ ಕ್ಲೇಮ್ ತಿರಸ್ಕರಿಸಿದ್ದಾರೆ. ಏನು ಮಾಡಲಿ?
– ಓದುಗಿ, ಕಾಪು

ಉತ್ತರ: ಯಾವ ದಾಖಲೆ, ಪಾಲಿಸಿಯ ಯಾವ ಷರತ್ತಿನ ಪ್ರಕಾರ ಅಂತ ಬರಹದಲ್ಲಿ ಕೇಳಿ. ಎಷ್ಟೋ ಸಲ ಬಿಲ್ಲಿನಲ್ಲಿ ಡಾಕ್ಟ್ರ ನೋಂದಣಿ ಸಂಖ್ಯೆ ಇರುವುದಿಲ್ಲ, ಇಲ್ಲವೇ ಎಕ್ಸ್‌ರೇ ಪ್ರತಿ ಕಳುಹಿಸಿರುವುದಿಲ್ಲ. ಅದಾದರೆ ನಿಮ್ಮ ಡಾಕ್ಟ್ರು ಒಂದೇ ದಿನದಲ್ಲಿ ಸರಿ ಮಾಡಿಕೊಡುತ್ತಾರೆ. ನಂತರ ಕಂಪನಿಯ ಕುಂದುಕೊರತೆ ವಿಭಾಗಕ್ಕೆ ದೂರು ಕೊಡಿ, ವಿಮಾ ನಿಯಂತ್ರಣ ಪ್ರಾಧಿಕಾರದ ‘ಬೀಮಾ ಭರೋಸಾ’ ತಾಣದಲ್ಲೂ ದಾಖಲಿಸಿ. ಒಂದು ತಿಂಗಳಾದರೂ ಉತ್ತರ ಬರಲಿಲ್ಲ, ಅಥವಾ ಬಂದ ಉತ್ತರ ಒಪ್ಪಿಗೆಯಾಗಲಿಲ್ಲ ಅಂದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ (ವಿಮೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಕಚೇರಿಗೆ ಬರೆಯಿರಿ, ಕರ್ನಾಟಕದವರಿಗೆ ಅದೇ. ಶುಲ್ಕ ಇಲ್ಲ, ವಕೀಲರು ಬೇಡ. ಕಂಪನಿ ತಿರಸ್ಕರಿಸಿ ಒಂದು ವರ್ಷದ ಒಳಗೆ ಕೊಡಬೇಕು. ಬೆಕ್ಕಿನ ಕಾಲಿಗೆ ರಾಡ್ ಹಾಕಿದ್ದರೆ ಅದನ್ನು ತೆಗೆಯುವ ಆಪರೇಷನ್ ಖರ್ಚೂ ಅದೇ ಕ್ಲೇಮಿಗೆ ಸೇರುತ್ತದಾ ಅಂತ ಆ ಪತ್ರದಲ್ಲೇ ಕೇಳಿಬಿಡಿ.