ಕನಸಲ್ಲಿ ಎಚ್ಚರ ಆಗೋಕೆ ರಾತ್ರಿಯೆಲ್ಲಾ ಎದ್ದು ಕೂರ್ಬೇಕಿಲ್ಲ

ತಿಪಟೂರಿನ ಬಿ.ಕಾಂ. ಓದುಗರಿಗೆ,

ನಿಮ್ಮ ಪತ್ರ ಪೂರ್ತಿ ಓದಿದೆ, ಹೆಸರು ಹಾಕ್ಬೇಡಿ ಅಂದಿದ್ರಿ, ಹಾಕಿಲ್ಲ. ಬೇರೆ ಓದುಗರಿಗೋಸ್ಕರ ಸಾರ ಇಷ್ಟು: ಯಾವುದೋ ರೀಲ್ಸಲ್ಲಿ 'ಮೂರೇ ದಿನದಲ್ಲಿ ಲೂಸಿಡ್ ಡ್ರೀಮ್' (ಅಂದ್ರೆ ಕನಸಲ್ಲಿದ್ದಾಗ್ಲೇ ಇದು ಕನಸು ಅಂತ ಗೊತ್ತಾಗೋದು) ಅಂದಿದ್ದನ್ನ ನಂಬಿ ನೀವು ರಾತ್ರಿ ಎರಡೆರಡು ಗಂಟೆಗೊಂದು ಅಲಾರಂ ಇಟ್ಕೊಂಡು ಎದ್ದಿದೀರ, ಕನಸಲ್ಲಿ ಎಚ್ಚರ ಆಗ್ಲಿಲ್ಲ, ಕ್ಲಾಸಲ್ಲಿ ತೂಕಡಿಕೆ ಮಾತ್ರ ಬಂತು, ಕೊನೆಗೆ ಒಂದಿನ ಬೆಳಗಿನ ಜಾವ ಕಣ್ಣು ಬಿಟ್ಟಿದೆ ಆದ್ರೆ ಕೈಕಾಲು ಆಡ್ತಿಲ್ಲ, ಎದೆ ಮೇಲೆ ಯಾರೋ ಕೂತ ಹಾಗಾಯ್ತು, ಈಗ ಅಮ್ಮ ತಾಯತ ಕಟ್ಟಿಸೋಣ ಅಂತಿದಾರೆ. ಇದು ನಿಜಾನಾ, ಅಪಾಯನಾ, ಮಾಡೋದಾದ್ರೆ ಹೇಗೆ ಅಂತ ಕೇಳಿದೀರ.

ನಿಜ. ಕನಸು ನಡೀತಿರುವಾಗ್ಲೇ 'ಇದು ಕನಸು' ಅಂತ ಗೊತ್ತಾಗೋದನ್ನ ಲ್ಯಾಬಲ್ಲೇ ತೋರಿಸಿದಾರೆ. ನಾವು ಜಾಸ್ತಿ ಕನಸು ಕಾಣೋ ರೆಮ್ ನಿದ್ದೆಯಲ್ಲಿ ಮೈಯ ಸ್ನಾಯುಗಳೆಲ್ಲಾ ಹೆಚ್ಚುಕಮ್ಮಿ ಬಂದ್ ಆಗಿರತ್ತೆ, ಕಣ್ಣು ಮಾತ್ರ ಆಡ್ತಿರತ್ತೆ. ಇದನ್ನ ಹಿಡ್ಕೊಂಡು 1975ರಲ್ಲಿ ಇಂಗ್ಲೆಂಡಿನ ಹಲ್ ಯೂನಿವರ್ಸಿಟಿಯಲ್ಲಿ ಕೀತ್ ಹರ್ನ್ ಅನ್ನೋರು ಒಂದು ಪ್ರಯೋಗ ಮಾಡಿದ್ರು: ಅಲನ್ ವರ್ಸ್‌ಲಿ ಅನ್ನೋರಿಗೆ ಕನಸಲ್ಲಿ ಎಚ್ಚರ ಆದ ತಕ್ಷಣ ಕಣ್ಣನ್ನ ಎಡಕ್ಕೂ ಬಲಕ್ಕೂ ಆಡಿಸಿ ಅಂತ ಮೊದಲೇ ಹೇಳಿಟ್ಟಿದ್ರು, ಅವರು ನಿದ್ದೆಯಲ್ಲಿದ್ದಾಗ್ಲೇ ಆ ಸಿಗ್ನಲ್ ಕಣ್ಣಿನ ಆಟ ದಾಖಲಿಸೋ ಮೆಷಿನ್ನಿನ ಕಾಗದದ ಮೇಲೆ ಬಂತು. ಆಮೇಲೆ ಅಮೆರಿಕದ ಸ್ಟ್ಯಾನ್‌ಫರ್ಡಲ್ಲಿ ಸ್ಟೀಫನ್ ಲಬರ್ಜ್ ಇದನ್ನೇ ಸ್ವತಂತ್ರವಾಗಿ ಮಾಡಿ ತೋರಿಸಿದ್ರು. 2021ರಲ್ಲಿ ಬಂದ ಅಧ್ಯಯನ ಇನ್ನೂ ಸೋಜಿಗ, ನಿದ್ದೆಯಲ್ಲಿದ್ದ ಒಬ್ಬರಿಗೆ 'ಎಂಟರಲ್ಲಿ ಆರು ಕಳೆದ್ರೆ ಎಷ್ಟು' ಅಂತ ಕೇಳಿದ್ರು, ಅವರು ಕನಸಿನ ಒಳಗಿಂದಾನೇ ಎರಡು ಸಲ ಕಣ್ಣಾಡಿಸಿ ಉತ್ತರ ಕೊಟ್ರು. ಟಿಬೆಟಿನ ಬೌದ್ಧರಲ್ಲಿ ಕನಸಿನ ಯೋಗ ಅಂತ ಬಹಳ ಹಳೇ ಸಾಧನೆ ಇದೆ, ಆದ್ರೆ ಅದು ಗುರುಮುಖೇನ ಕಲಿಯೋ ದಾರಿ, ಅದಕ್ಕೆ ಇಲ್ಲಿ ಕೈ ಹಾಕಲ್ಲ.

ಈಗ ನಿಮ್ಮ ಅಲಾರಂ ವಿಷಯ. ನಿದ್ದೆ ಸುಮಾರು ತೊಂಬತ್ತು ನಿಮಿಷದ ಸುತ್ತುಗಳಲ್ಲಿ ಹೋಗತ್ತೆ, ರಾತ್ರಿ ಮೊದಲರ್ಧದಲ್ಲಿ ಗಾಢ ನಿದ್ದೆ ಜಾಸ್ತಿ, ರೆಮ್ ಕಮ್ಮಿ, ಬೆಳಗಿನ ಜಾವಕ್ಕೆ ಬಂದಂಗೆ ರೆಮ್ ಉದ್ದ ಆಗ್ತಾ ಹೋಗತ್ತೆ. ಹಂಗಾಗಿ ಹನ್ನೆರಡಕ್ಕೂ ಎರಡಕ್ಕೂ ಎದ್ದು ನೀವು ಕಳ್ಕೊಂಡಿದ್ದು ಮೈಗೆ ಬೇಕಾದ ಗಾಢ ನಿದ್ದೆ, ಕನಸಿನ ಮಟ್ಟಿಗೆ ಗಿಟ್ಟಿದ್ದು ಏನೂ ಇಲ್ಲ. ನನ್ನ ಅಭಿಪ್ರಾಯ ಖಡಾಖಂಡಿತ, ಏಳೆಂಟು ಗಂಟೆ ನಿದ್ದೆ ಮಾಡದೇ ಇರೋರು ಇದಕ್ಕೆ ಕೈ ಹಾಕ್ಲೇಬಾರ್ದು.

ರೀಲ್ಸಲ್ಲಿ ಎಲ್ಲರೂ ಹಾರೋದು, ಕಂಟ್ರೋಲ್ ಮಾಡೋದು ಅಂತಾರೆ, ಶುರು ಮಾಡೋರಿಗೆ ಬೇಕಾಗಿರೋದು ನೆನಪು. ಮೊದಲು ಕಂಡ ಕನಸು ನೆನಪಿರ್ಬೇಕು. ಆಮೇಲೆ ಕನಸು ಕಾಣ್ತಿರುವಾಗ ಒಂದು ಮಾತು ನೆನಪಾಗ್ಬೇಕು. ಅಮ್ಮ 'ಬರುವಾಗ ಬೆಲ್ಲ ತಗೊಂಡ್ ಬಾ' ಅಂದಿದ್ದು ಅಂಗಡಿ ಮುಂದೆ ಬಂದಾಗ ಟಕ್ ಅಂತ ನೆನಪಾಗತ್ತಲ್ಲ, ಅದೇ ಥರದ ನೆನಪು ಇದು, ಅದನ್ನ ಅಭ್ಯಾಸದಿಂದ ಬೆಳೆಸ್ಕೋಬಹುದು.

ಅದಕ್ಕೇ ಮೊದಲ ಎರಡು ಮೂರು ವಾರ ಬರೀ ಡೈರಿ. ಎಚ್ಚರ ಆದ ತಕ್ಷಣ ಮಗ್ಗಲು ಬದಲಾಯಿಸ್ಬೇಡಿ, ಮೊಬೈಲ್ ಮುಟ್ಲೇಬೇಡಿ, ಒಂದು ನೋಟಿಫಿಕೇಶನ್ ನೋಡಿದ್ರೂ ಕನಸು ಹೋಯ್ತು. ಮಲಗಿದ ಹಾಗೇ ಇದ್ದು ಕೊನೇ ದೃಶ್ಯ ಹಿಡ್ಕೊಂಡು 'ಇದಕ್ಕೆ ಮುಂಚೆ ಏನಿತ್ತು' ಅಂತ ಹಿಂದಕ್ಕೆ ಹೋಗಿ, ಆಮೇಲೆ ದಿಂಬಿನ ಪಕ್ಕದ ನೋಟ್‌ಬುಕ್ಕಲ್ಲಿ ಬರೀರಿ, ಏನೂ ನೆನಪಿಲ್ಲ ಅಂದ್ರೆ ಏನೋ ಬೇಜಾರಿತ್ತು ಅಂತಾದ್ರೂ ಬರೀರಿ. ನೀವು ಪತ್ರದಲ್ಲಿ ಒಂದು ಕನಸು ಬರ್ದಿದೀರ, ಎಪಿಎಂಸಿ ಯಾರ್ಡಲ್ಲಿ ಕೊಬ್ಬರಿ ರಾಶಿ ಮೇಲೆ ಕೂತು ಎಕ್ಸಾಮ್ ಬರೀತಿದ್ರಿ, ಪ್ರಶ್ನೆಪತ್ರಿಕೆ ಒಂದ್ಸಲ ಓದಿದಾಗ ಅಕೌಂಟ್ಸ್, ಇನ್ನೊಂದ್ಸಲ ನೋಡಿದ್ರೆ ಏಳನೇ ಕ್ಲಾಸಿನ ವಿಜ್ಞಾನ. ಇದು ಚಿನ್ನದಂಥ ಮಾಹಿತಿ! ಕನಸಲ್ಲಿ ಅಕ್ಷರ ಬಹಳ ಸಲ ನಿಲ್ಲಲ್ಲ, ಮತ್ತೆ ಓದಿದ್ರೆ ಬದಲಾಗಿರತ್ತೆ. ಹತ್ತಿಪ್ಪತ್ತು ಕನಸು ಬರೆದಾಗ ಎಕ್ಸಾಮು, ಯಾರ್ಡು, ಹಳೇ ಸ್ಕೂಲು ಹೀಗೆ ಪದೇ ಪದೇ ಬರೋದು ನಿಮಗೇ ಕಾಣತ್ತೆ, 'ಇದು ಕನಸು' ಅಂತ ಹೇಳೋ ನಿಮ್ಮ ಗುರುತುಗಳು ಅವೇ.

ಆಮೇಲೆ ಲಬರ್ಜ್ ರೂಪಿಸಿದ ಮೈಲ್ಡ್ ಅನ್ನೋ ವಿಧಾನ. ಮಲಗಿ ಐದು ಗಂಟೆ ಆದ್ಮೇಲೆ ಒಂದೇ ಒಂದು ಅಲಾರಂ. ಎದ್ದು ಕೆಲವು ನಿಮಿಷ ಮಂದ ಬೆಳಕಲ್ಲಿ ಡೈರಿ ಬರೀರಿ, ಟೀ ಬೇಡ. ಮತ್ತೆ ಮಲಗಿ ಈಗ ಕಂಡ ಕನಸನ್ನೇ ಮನಸ್ಸಲ್ಲಿ ನೋಡ್ತಾ ಹೋಗಿ, ಆದ್ರೆ ಈ ಸಲ ಕೊಬ್ಬರಿ ರಾಶಿ ಕಂಡ ತಕ್ಷಣ 'ಅರೆ, ಇದು ಕನಸು' ಅಂತ ಗುರುತು ಹಿಡಿದ ಹಾಗೆ ಊಹಿಸ್ಕೊಳ್ಳಿ. ಜೊತೆಗೆ 'ಮುಂದಿನ ಕನಸಲ್ಲಿ ಇದು ಕನಸು ಅಂತ ನೆನಪಿಸ್ಕೋತೀನಿ' ಅಂತ ಅರ್ಥ ಇಟ್ಕೊಂಡು ಹೇಳ್ಕೊತಾ ನಿದ್ದೆಗೆ ಜಾರಿ. 2017ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್ ಯೂನಿವರ್ಸಿಟಿಯ ಡೆನ್‌ಹೋಮ್ ಆಸ್ಪಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನೂ, ಹಗಲಲ್ಲಿ 'ಇದು ಕನಸಾ ನಿಜಾನಾ' ಅಂತ ಪರೀಕ್ಷಿಸ್ಕೊಳ್ಳೋ ರಿಯಾಲಿಟಿ ಚೆಕ್ಕನ್ನೂ ಸೇರಿಸಿ ಒಂದು ವಾರ ಮಾಡಿದೋರಿಗೆ ಪ್ರಯತ್ನಿಸಿದ ರಾತ್ರಿಗಳಲ್ಲಿ ಶೇ. 17ರಷ್ಟು ಸಲ ಲೂಸಿಡ್ ಡ್ರೀಮ್ ಬಿತ್ತು, ಐದು ನಿಮಿಷದ ಒಳಗೆ ಮತ್ತೆ ನಿದ್ದೆ ಹತ್ತಿದೋರಲ್ಲಿ ಅದು ಶೇ. 46. ಅಂದ್ರೆ ಬೇಗ ನಿದ್ದೆಗೆ ಜಾರೋದು ಎಷ್ಟು ಮುಖ್ಯ ನೋಡಿ, ಹಲ್ಲು ಕಚ್ಕೊಂಡು ಹಠ ಹಿಡಿದ್ರೆ ನಿದ್ದೇನೇ ಬರಲ್ಲ.

ರಿಯಾಲಿಟಿ ಚೆಕ್ ಅಂದ್ರೆ ಮೂಗು ಮುಚ್ಕೊಂಡು ಉಸಿರೆಳ್ದು ನೋಡೋದು, ಕನಸಲ್ಲಾದ್ರೆ ಮೂಗು ಮುಚ್ಚಿದ್ರೂ ಉಸಿರು ಬರತ್ತೆ. ಅದೇ ಅಧ್ಯಯನದಲ್ಲಿ ಬರೀ ಇದೊಂದರಿಂದ ಹೇಳ್ಕೊಳ್ಳೋ ಫಲ ಸಿಗ್ಲಿಲ್ಲ. ದಿನಕ್ಕೆ ನಾಲ್ಕೈದು ಸಲ ಸಾಕು, ಆದ್ರೆ ಮಾಡುವಾಗ ನಿಜವಾಗ್ಲೂ ಅನುಮಾನ ಪಟ್ಟು ಮಾಡಿ.

ಮೊದಲ ಸಲ ಗೊತ್ತಾದಾಗ ಖುಷಿಗೆ ಎಚ್ಚರ ಆಗ್ಬಿಡೋದು ಮಾಮೂಲಿ. ಕನಸಿನ ಒಳಗೇ ಎರಡೂ ಅಂಗೈ ಉಜ್ಜಿ, ನೆಲ ಮುಟ್ಟಿ, ಗಮನ ಅಲ್ಲೇ ಇಡಿ. ಹಾರೋದು ಆಮೇಲೆ ಇದ್ದೇ ಇದೆ.

ಅಮ್ಮನಿಗೆ ಹೇಳಿ, ಮೈ ಆಡದೇ ಹೋಗಿದ್ದು ದೆವ್ವ ಅಲ್ಲ, ಸ್ಲೀಪ್ ಪ್ಯಾರಾಲಿಸಿಸ್. ರೆಮ್ ನಿದ್ದೆಯ ಸ್ನಾಯುಗಳ ಬಂದ್ ಇನ್ನೂ ಬಿಡೋಕೆ ಮುಂಚೆ ಮನಸ್ಸು ಎಚ್ಚರ ಆಗಿರತ್ತೆ, ಅದಕ್ಕೇ ಆ ಭಯ, ಆ ಎದೆಭಾರ. ಸಾಮಾನ್ಯವಾಗಿ ಕೆಲವು ಸೆಕೆಂಡು, ಹೆಚ್ಚಂದ್ರೆ ಕೆಲವು ನಿಮಿಷಕ್ಕೆ ತಾನೇ ಬಿಡತ್ತೆ. ನಿದ್ದೆಗೆಟ್ಟೋರಿಗೆ, ಹೊತ್ತಲ್ಲದ ಹೊತ್ತಲ್ಲಿ ಮಲಗೋರಿಗೆ, ಅಂಗಾತ ಮಲಗೋರಿಗೆ ಜಾಸ್ತಿ, ನಿಮ್ಮ ಅಲಾರಂಗಳೇ ಇದಕ್ಕೆ ದಾರಿ ಮಾಡಿಕೊಟ್ಟಿರ್ಬೇಕು. ಮತ್ತೆ ಆದ್ರೆ ಗುದ್ದಾಡ್ಬೇಡಿ, ಉಸಿರು ನಿಧಾನ ಮಾಡಿ, ಕಾಲಿನ ಹೆಬ್ಬೆರಳು ಆಡಿಸೋಕೆ ನೋಡಿ. ಪದೇ ಪದೇ ಆಗ್ತಿದ್ರೆ, ಅಥವಾ ಹಗಲಲ್ಲಿ ತಡೆಯಕ್ಕಾಗದಷ್ಟು ನಿದ್ದೆ ಎಳೀತಿದ್ರೆ ಡಾಕ್ಟರಿಗೆ ತೋರಿಸಿ.

ಪತ್ರದ ಕೊನೇಲಿ ನಿಮ್ಮ ರೂಮ್‌ಮೇಟ್ ಬೈಪೋಲಾರ್ ಅನ್ನೋ ಮಾನಸಿಕ ಕಾಯಿಲೆಗೆ ಮಾತ್ರೆ ತಗೋತಾರೆ, ಅವರೂ ಟ್ರೈ ಮಾಡ್ಬಹುದಾ ಅಂತ ಕೇಳಿದೀರ. ಬೇಡ. ನಿದ್ದೆ ಏರುಪೇರಾದ್ರೆ ಆ ಕಾಯಿಲೆ ಕೆದರಬಹುದು, ಇಲ್ಲದ ದನಿ ಕೇಳಿಸೋರಿಗೂ, ಯಾವುದು ನಿಜ ಯಾವುದು ಕನಸು ಅಂತ ಗೊಂದಲ ಆಗೋರಿಗೂ ಇದೇ ಮಾತು. ಅವರ ಡಾಕ್ಟರನ್ನೇ ಕೇಳೋದು ಸರಿ, ತಕ್ಷಣ ಮಾತಾಡ್ಬೇಕು ಅನ್ಸಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಫ್ರೀ, ಕನ್ನಡದಲ್ಲೂ ಮಾತಾಡ್ತಾರೆ.

ನಿಮಗೆ ಸೆಮಿಸ್ಟರ್ ಎಕ್ಸಾಮ್ ಹತ್ರ ಬಂದಿದೆ ಅಂದಿದೀರ, ಅದು ಮುಗಿಯೋ ತನಕ ಅಲಾರಂ ಪೂರ್ತಿ ಬಿಡಿ, ಡೈರಿ ಮಾತ್ರ ಬರೀರಿ. ರಜೆ ಬಂದ್ಮೇಲೆ ವಾರಕ್ಕೆ ಒಂದು ರಾತ್ರಿ, ಮಾರನೇ ದಿನ ತಡವಾಗಿ ಎದ್ರೂ ನಡೆಯತ್ತೆ ಅನ್ನೋ ರಾತ್ರಿ ನೋಡ್ಕೊಂಡು, ಮೈಲ್ಡ್ ಶುರು ಮಾಡಿ.

— ಸಂಪಾದಕ