ಜರ್ಮನ್ನರ ದಾರಿಯೋ, ಗ್ರೀಕರ ದಾರಿಯೋ? ಮೆಲ್ಬರ್ನಿಗೆ ಹೊಸದಾಗಿ ಬಂದವರಿಗೊಂದು ಉತ್ತರ

ನಮಸ್ಕಾರ. ಊರಿನಿಂದ ತಂದ ಪೆಟ್ಟಿಗೆಗಳನ್ನು ಇನ್ನೂ ಪೂರ್ತಿ ಬಿಚ್ಚಿಲ್ಲ ಎಂದು ಬರೆದಿದ್ದೀರಿ, ಅಷ್ಟರಲ್ಲೇ ಮೊಮ್ಮಕ್ಕಳ ಕಾಲದ ಚಿಂತೆ ಹಚ್ಚಿಕೊಂಡಿದ್ದೀರಿ. ನಿಮ್ಮ ಕಚೇರಿಯಲ್ಲಿ ಯಾರೋ ಹೇಳಿದರಂತೆ: ಆಸ್ಟ್ರೇಲಿಯಾಕ್ಕೆ ಬಂದ ಜರ್ಮನ್ನರು ಶಿಸ್ತಿನವರು, ಎಲ್ಲರೊಳಗೆ ಬೆರೆತರು, ಉದ್ಧಾರವಾದರು, ಗ್ರೀಕರು ತಮ್ಮವರ ಜೊತೆಗೇ ಗುಂಪು ಕಟ್ಟಿಕೊಂಡು ಮೀನು ಕರಿಯುವ ಅಂಗಡಿಯಲ್ಲೇ ಉಳಿದರು. ಹಾಗಾದರೆ ನಾವು ಯಾರ ದಾರಿ ಹಿಡಿಯಬೇಕು, ನಮ್ಮವರು ಹೆಚ್ಚಿರುವ ಬಡಾವಣೆಯಲ್ಲಿ ಮನೆ ಮಾಡಿದರೆ ಮಗಳಿಗೆ ತೊಂದರೆಯೇ, ಹುಬ್ಬಳ್ಳಿಯಲ್ಲಿರುವ ತಂದೆ ತಾಯಿಯನ್ನು ಕರೆಸಿಕೊಳ್ಳಬಹುದೇ ಎಂದು ಕೇಳಿದ್ದೀರಿ.

ಮೊದಲು ನಿಮ್ಮ ಸಹೋದ್ಯೋಗಿಯ ಮಾತನ್ನು ಬದಿಗಿಡಿ. ಈ ದೇಶದಲ್ಲಿ ಯಾರು ಎಷ್ಟು ಮುಂದೆ ಬಂದರು ಎಂಬುದನ್ನು ಅವರ ಸ್ವಭಾವಕ್ಕಿಂತ ಹೆಚ್ಚಾಗಿ ನಿರ್ಧರಿಸಿದ್ದು ಅವರು ಯಾವ ಕಾಲದಲ್ಲಿ ಬಂದರು, ಕೈಯಲ್ಲಿ ಯಾವ ಸರ್ಟಿಫಿಕೇಟು ಹಿಡಿದು ಬಂದರು, ಬಂದಾಗ ಇಲ್ಲಿ ಯಾವ ಕೆಲಸ ಕಾಯುತ್ತಿತ್ತು ಎನ್ನುವುದು. ಶಿಸ್ತಿನ ಮಾತು ಆಡುವವರು ಜನಗಣತಿಯ ಒಂದು ಅಂಕಿಯನ್ನು ನೋಡಿ, ಅದರ ಪಕ್ಕದ ಅಂಕಿಯನ್ನು ನೋಡದವರು.

2021ರ ಗಣತಿಯಲ್ಲಿ ತಮ್ಮದು ಜರ್ಮನ್ ಮೂಲ ಎಂದು ಬರೆಸಿದವರು 10 ಲಕ್ಷಕ್ಕೂ ಸ್ವಲ್ಪ ಹೆಚ್ಚು. ಗ್ರೀಕ್ ಮೂಲ ಎಂದವರು ಸುಮಾರು 4.25 ಲಕ್ಷ. ಆದರೆ ಜರ್ಮನಿಯಲ್ಲೇ ಹುಟ್ಟಿ ಬಂದವರು ಒಂದು ಲಕ್ಷದಷ್ಟು, ಗ್ರೀಸಿನಲ್ಲಿ ಹುಟ್ಟಿದವರು 92 ಸಾವಿರದಷ್ಟು. ಅಂದರೆ ಜರ್ಮನ್ ಎಂದವರಲ್ಲಿ ಹತ್ತಕ್ಕೆ ಒಬ್ಬರು ಮಾತ್ರ ವಲಸಿಗರು. ಗ್ರೀಕರಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು. ಗಣತಿಯಲ್ಲಿ ಎರಡು ಮೂಲಗಳನ್ನು ಬರೆಸಬಹುದು, ಹಾಗಾಗಿ ‘ಇಂಗ್ಲಿಷ್, ಜರ್ಮನ್’ ಎಂದು ಬರೆಸುವ ಎಷ್ಟೋ ಮಂದಿಗೆ ಜರ್ಮನಿಯ ನಂಟು ಮುತ್ತಜ್ಜನ ತಂದೆಯದು. ಅವರ ಸಂಬಳ, ಮನೆ, ಓದು ಎಲ್ಲವೂ ಈ ದೇಶದ ಸರಾಸರಿಗೆ ಹತ್ತಿರವೇ ಇರುವುದು ಸಹಜ. ಅವರೇ ಆ ಸರಾಸರಿಯ ಒಂದು ಭಾಗ. ಆರನೆಯ ತಲೆಮಾರಿನ ರೈತನನ್ನೂ 1960ರಲ್ಲಿ ಹಡಗಿಳಿದ ಕಾರ್ಮಿಕಳನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ‘ಜರ್ಮನ್ನರು ಮುಂದೆ’ ಎನ್ನುವುದರಲ್ಲಿ ಅರ್ಥವಿಲ್ಲ.

ಆ ಜರ್ಮನ್ನರಾದರೂ ಬಂದಾಗ ಸಿರಿವಂತರಾಗಿರಲಿಲ್ಲ. 1838ರಲ್ಲಿ ಪಾದ್ರಿ ಆಗಸ್ಟ್ ಕಾವೆಲ್ ಹಿಂದೆ ದಕ್ಷಿಣ ಆಸ್ಟ್ರೇಲಿಯಾಕ್ಕೆ ಬಂದವರು ಪ್ರಷ್ಯ ಎಂಬ ಆಗಿನ ಜರ್ಮನ್ ರಾಜ್ಯದ ಹಳ್ಳಿಗರು, ಲೂಥರನ್ ಎಂಬ ಪ್ರಾಟೆಸ್ಟೆಂಟ್ ಪಂಗಡದವರು. ಅಲ್ಲಿನ ರಾಜ ತನ್ನ ನಾಡಿನ ಪ್ರಾಟೆಸ್ಟೆಂಟ್ ಪಂಗಡಗಳನ್ನೆಲ್ಲ ಒಂದೇ ಚರ್ಚಿಗೆ ಸೇರಿಸಲು ಹೊರಟಾಗ ಒಪ್ಪದೆ ಊರು ಬಿಟ್ಟವರು. ಪ್ರಯಾಣಕ್ಕೆ ಹಣ ಕೊಟ್ಟವನು ಜಾರ್ಜ್ ಫೈಫ್ ಆಂಗಸ್ ಎಂಬ ವ್ಯಾಪಾರಿ, ಅದೂ ಸಾಲವಾಗಿ. ಅಡಿಲೇಡಿನ ಬೆಟ್ಟದ ಮೇಲೆ ಹಾನ್‌ಡಾರ್ಫ್ ಎಂಬ ಹಳ್ಳಿ ಕಟ್ಟಿದ ಮೇಲೆ ಆ ಮನೆಗಳ ಹೆಂಗಸರು, ಹುಡುಗಿಯರು ತರಕಾರಿ, ಬೆಣ್ಣೆ ತುಂಬಿದ ಬುಟ್ಟಿ ಹೊತ್ತು ರಾತ್ರೋರಾತ್ರಿ ಮೂವತ್ತು ಕಿಲೋಮೀಟರಿಗೂ ಹೆಚ್ಚು ನಡೆದು ಬೆಳಗಿನ ಹೊತ್ತಿಗೆ ಅಡಿಲೇಡಿನ ಪೇಟೆ ಸೇರುತ್ತಿದ್ದರು. ಆ ಹಾದಿಯಲ್ಲಿ ಈಗ ಜನ ಬೂಟು ಹಾಕಿಕೊಂಡು ವ್ಯಾಯಾಮಕ್ಕೆ ನಡೆಯುತ್ತಾರೆ. ಇದನ್ನು ಶಿಸ್ತು ಎನ್ನುವುದಾದರೆ ಎನ್ನಿ, ನಾನಂತೂ ಸಾಲ ಎನ್ನುತ್ತೇನೆ. ಅವರಿಗೆ ಒಂದು ಅನುಕೂಲವೂ ಇತ್ತು: ಆಗತಾನೇ ಶುರುವಾದ ವಸಾಹತಿನಲ್ಲಿ ಭೂಮಿ ಇತ್ತು. ಆ ಭೂಮಿ ಕೌರ್ನ, ಪೆರಾಮಂಕ್ ಮೂಲನಿವಾಸಿಗಳಿಂದ ಕಿತ್ತದ್ದು ಎನ್ನುವುದನ್ನು ಇಲ್ಲಿ ಈಚಿನವರೆಗೂ ಯಾರೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಭೂಮಿಯಿಂದ ದ್ರಾಕ್ಷಿ, ದ್ರಾಕ್ಷಿಯಿಂದ ವೈನ್. ಯೋಹಾನ್ ಗ್ರಾಂಪ್ 1847ರಲ್ಲಿ ಜೇಕಬ್ಸ್ ಕ್ರೀಕ್ ಹತ್ತಿರ ಬಳ್ಳಿ ನೆಟ್ಟ, ಸೆಪ್ಪೆಲ್ಟ್ ಕುಟುಂಬ 1851ರಲ್ಲಿ ಬರೋಸಾ ಕಣಿವೆಗೆ ಬಂತು. ಇವತ್ತು ಬರೋಸಾದ ಹಳೆಯ ಜರ್ಮನ್ ಮನೆತನಗಳ ಕೈಯಲ್ಲಿರುವ ಆಸ್ತಿಯ ಬೇರು ಅಲ್ಲಿದೆ.

ಎಲ್ಲರೊಳಗೆ ಬೆರೆತರು ಎಂಬ ಮಾತಿಗೆ ಬಂದರೆ, ಅದರಲ್ಲಿ ಅವರ ಇಷ್ಟ ಎಷ್ಟು, ಬಲವಂತ ಎಷ್ಟು ಎಂದು ಕೇಳಬೇಕು. ಮೊದಲನೆಯ ಮಹಾಯುದ್ಧ ಬಂದಾಗ ಮೂರು ತಲೆಮಾರಿನಿಂದ ಇಲ್ಲೇ ಉತ್ತುಬಿತ್ತಿದವರು ರಾತ್ರಿ ಬೆಳಗಾಗುವುದರೊಳಗೆ ಶತ್ರುಗಳಾದರು. 1917ರಲ್ಲಿ ದಕ್ಷಿಣ ಆಸ್ಟ್ರೇಲಿಯಾ ಸರ್ಕಾರ 49 ಲೂಥರನ್ ಶಾಲೆಗಳನ್ನು ಮುಚ್ಚಿಸಿತು. ಮರುವರ್ಷ 69 ಊರುಗಳ ಜರ್ಮನ್ ಹೆಸರುಗಳು ಬದಲಾದವು. ಹಾನ್‌ಡಾರ್ಫ್ ಆಂಬಲ್‌ಸೈಡ್ ಆಯಿತು, ಕ್ಲೆಮ್ಜಿಗ್ ಗಾಜಾ ಆಯಿತು. ಸಾವಿರಾರು ಜನರನ್ನು ಶಿಬಿರಗಳಲ್ಲಿ ಕೂಡಿಹಾಕಿದರು. ಸ್ವಾರಸ್ಯವೆಂದರೆ, ಅದೇ ಯುದ್ಧದಲ್ಲಿ ಆಸ್ಟ್ರೇಲಿಯಾದ ಸೇನೆಯನ್ನು ಫ್ರಾನ್ಸಿನಲ್ಲಿ ಮುನ್ನಡೆಸಿದ ಜಾನ್ ಮೊನಾಶ್ ಪ್ರಷ್ಯದಿಂದ ಬಂದ ಯೆಹೂದಿ ದಂಪತಿಯ ಮಗ. ನಿಮ್ಮ ಪರ್ಸಿನಲ್ಲಿ ನೂರು ಡಾಲರಿನ ನೋಟು ಇದ್ದರೆ ಅವರ ಮುಖ ನೋಡಬಹುದು. ಮನೆಯ ಹೊರಗೆ ಜರ್ಮನ್ ಮಾತಾಡುವುದು ಅಪಾಯ ಎಂದು ಕಲಿತ ಜನ ಆಮೇಲೆ ಮನೆಯೊಳಗೂ ಬಿಟ್ಟರು. ನನ್ನ ಪರಿಚಯದ ಬರೋಸಾದ ಒಬ್ಬರಿಗೆ ಬರುವ ಜರ್ಮನ್ ಎಂದರೆ ಊಟಕ್ಕೆ ಮುಂಚೆ ಹೇಳುವ ಪ್ರಾರ್ಥನೆ ಒಂದೇ, ಅದರ ಅರ್ಥ ಕೇಳಿದರೆ ನಗುತ್ತಾರೆ. ಹತ್ತು ಲಕ್ಷ ಜನರ ಸಮುದಾಯವಿದ್ದೂ ಮನೆಯಲ್ಲಿ ಜರ್ಮನ್ ಮಾತಾಡುವವರು 80 ಸಾವಿರ ದಾಟುವುದಿಲ್ಲ. ಅದರ ಅರ್ಧಕ್ಕಿಂತ ಚಿಕ್ಕ ಸಮುದಾಯದಲ್ಲಿ ಗ್ರೀಕ್ ಮಾತಾಡುವವರು ಸುಮಾರು 2.3 ಲಕ್ಷ.

ಗ್ರೀಕರ ಕಥೆಯೇ ಬೇರೆ, ಮತ್ತು ಮೆಲ್ಬರ್ನಿನಲ್ಲಿ ಇರುವ ನಿಮಗೆ ದಿನವೂ ಕಣ್ಣಿಗೆ ಬೀಳುವುದು ಅದೇ. ಕಿಥಿರಾ, ಕಾಸ್ಟೆಲೊರಿಜೊ ದ್ವೀಪಗಳಿಂದ ಬಂದ ಕೆಲವರು ಮೊದಲೇ ಇದ್ದು ಸಣ್ಣ ಊರುಗಳಲ್ಲಿ ಕೆಫೆ, ಮಿಲ್ಕ್ ಬಾರ್ ಎನ್ನುವ ಬೀದಿಮೂಲೆಯ ಸಣ್ಣ ಅಂಗಡಿ ನಡೆಸುತ್ತಿದ್ದರು. ನಿಮ್ಮ ಸಹೋದ್ಯೋಗಿಯ ಮೀನಿನ ಅಂಗಡಿ ಹುಟ್ಟಿದ್ದು ಅಲ್ಲಿಂದ. 1947ರಲ್ಲಿ ಗ್ರೀಸಿನಲ್ಲಿ ಹುಟ್ಟಿದವರು ಇಲ್ಲಿ 12 ಸಾವಿರದಷ್ಟಿದ್ದರು, 1971ಕ್ಕೆ ಅದು ಒಂದು ಲಕ್ಷದ ಅರವತ್ತು ಸಾವಿರ. ನಡುವೆ ನಡೆದದ್ದು ಅಂತರ್ಯುದ್ಧದಲ್ಲಿ ಸುಟ್ಟುಹೋದ ಗ್ರೀಸ್, ಕಾರ್ಖಾನೆಗೆ ಕೈಗಳು ಬೇಕಾಗಿದ್ದ ಆಸ್ಟ್ರೇಲಿಯಾ, ಮತ್ತು ವಲಸಿಗರನ್ನು ಕರೆತರಲು ಎರಡೂ ದೇಶಗಳು 1952ರಲ್ಲಿ ಮಾಡಿಕೊಂಡ ಒಪ್ಪಂದ. ಅದೇ ವರ್ಷ ಜರ್ಮನಿಯೊಂದಿಗೂ ಒಪ್ಪಂದವಾಯಿತು ಎನ್ನುವುದನ್ನು ಗಮನಿಸಿ, ಏಕೆಂದರೆ ನ್ಯಾಯವಾಗಿ ಹೋಲಿಸಬೇಕಾದದ್ದು ಈ ಇಬ್ಬರನ್ನು. ಯುದ್ಧಾನಂತರದ ಜರ್ಮನ್ನರಲ್ಲಿ ಬಹಳ ಮಂದಿ ಫಿಟ್ಟರ್, ಟರ್ನರ್, ಬಡಗಿ, ಎಲೆಕ್ಟ್ರಿಷಿಯನ್ ಹೀಗೆ ತಮ್ಮಲ್ಲಿ ಕ್ರಮವಾಗಿ ಕೆಲಸ ಕಲಿತು ಸರ್ಟಿಫಿಕೇಟು ಪಡೆದವರು. ಸ್ನೋಯಿ ಪರ್ವತದ ಜಲವಿದ್ಯುತ್ ಯೋಜನೆಯಂಥ ಕಡೆ ಅವರ ಕೈಗೆ ಬೆಲೆ ಇತ್ತು. ಗ್ರೀಕರಲ್ಲಿ ಹೆಚ್ಚಿನವರು ಬೆಟ್ಟದ ಹಳ್ಳಿಗಳ ರೈತರು, ಪ್ರಾಥಮಿಕ ಶಾಲೆ ಮುಗಿಸಿದ್ದರೆ ಅದೇ ಹೆಚ್ಚು. ಅವರಿಗೆ ಸಿಕ್ಕಿದ್ದು ಕಾರಿನ ಕಾರ್ಖಾನೆಯ ಸಾಲು, ಬಟ್ಟೆ ಗಿರಣಿ, ಆಸ್ಪತ್ರೆಯ ಲಾಂಡ್ರಿ.

ಒಂದು ಅಡ್ಡಮಾತು. 1960ರಲ್ಲಿ ಜರ್ಮನಿಯೇ ಗ್ರೀಸಿನಿಂದ ಕಾರ್ಮಿಕರನ್ನು ಕರೆಸಿಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಒಂದೇ ಮನೆಯ ಅಣ್ಣ ಸ್ಟುಟ್‌ಗಾರ್ಟಿಗೆ, ತಮ್ಮ ಮೆಲ್ಬರ್ನಿಗೆ ಹೋದ ಕುಟುಂಬಗಳಿವೆ. ಅಲ್ಲಿ ಅಣ್ಣ ದಶಕಗಳ ಕಾಲ ‘ಅತಿಥಿ ಕಾರ್ಮಿಕ’. ಇಲ್ಲಿ ತಮ್ಮ ಕೆಲವೇ ವರ್ಷಗಳಲ್ಲಿ ಮತ ಹಾಕುವ ಪ್ರಜೆ. ರಕ್ತ ಒಂದೇ, ಶಿಸ್ತು ಒಂದೇ, ಆದರೆ ಕಾನೂನು ಬೇರೆ.

ನಾನು ಮೊದಲು ಬಾಡಿಗೆಗಿದ್ದದ್ದು ನಗರದ ಉತ್ತರದ ಥಾಮಸ್‌ಟೌನಿನಲ್ಲಿ. ಪಕ್ಕದ ಮನೆಯ ಗ್ರೀಕ್ ಅಜ್ಜಿಯ ಅಂಗಳ ಪೂರ್ತಿ ಕಾಂಕ್ರೀಟು, ಮೂಲೆಯಲ್ಲಿ ನಿಂಬೆ ಗಿಡ, ಹಿತ್ತಲಲ್ಲಿ ಅಂಜೂರ. ಗ್ಯಾರೇಜಿನಲ್ಲಿ ಕಾರಿನ ಜಾಗದಲ್ಲಿ ಹಳೆಯ ಓವರ್‌ಲಾಕ್ ಹೊಲಿಗೆ ಯಂತ್ರ. ಮಕ್ಕಳು ಸಣ್ಣವರಿದ್ದಾಗ ಗುತ್ತಿಗೆದಾರ ಕತ್ತರಿಸಿದ ಬಟ್ಟೆಯ ಕಟ್ಟು ತಂದು ಹಾಕುತ್ತಿದ್ದನಂತೆ, ಅಂಗಿಗೆ ಇಷ್ಟು ಎಂದು ಕೂಲಿ. ಹಗಲು ಮನೆಗೆಲಸ, ಮಕ್ಕಳು ಮಲಗಿದ ಮೇಲೆ ಯಂತ್ರ. ಗಂಡ ಫೋರ್ಡ್ ಕಾರ್ಖಾನೆಯ ರಾತ್ರಿ ಪಾಳಿ. ಆಕೆಯ ಮಗಳು ಔಷಧ ಅಂಗಡಿಯ ಒಡತಿ, ಮಗ ಎಂಜಿನಿಯರ್. ಅಂಥದ್ದೇ ಕಥೆ ಆ ಬೀದಿಯಲ್ಲಿ ಮನೆಗೊಂದಿತ್ತು. ಗ್ರೀಕರ ಎರಡನೆಯ ತಲೆಮಾರು ವಿಶ್ವವಿದ್ಯಾಲಯ ಸೇರಿದ ಪ್ರಮಾಣ ಇಂಗ್ಲಿಷ್ ಮೂಲದ ಮಕ್ಕಳಿಗಿಂತ ಹೆಚ್ಚು ಎನ್ನುವುದು ಇಲ್ಲಿನ ಸಮಾಜಶಾಸ್ತ್ರದಲ್ಲಿ ಹಳೆಯ ಸಂಗತಿ. ವಕೀಲರು, ವೈದ್ಯರು, ಲೆಕ್ಕಪರಿಶೋಧಕರು, ಸಂಸದರು ಎಲ್ಲರೂ ಆ ಗ್ಯಾರೇಜುಗಳಿಂದ ಬಂದವರು. ಫುಟ್‌ಬಾಲ್ ತರಬೇತುದಾರ ಆಂಜ್ ಪೊಸ್ಟೆಕೊಗ್ಲು ಐದು ವರ್ಷದ ಹುಡುಗನಾಗಿ ಹಡಗಿನಲ್ಲಿ ಬಂದವರು. ಆಡಿ ಬೆಳೆದದ್ದು ಗ್ರೀಕರು ಕಟ್ಟಿದ ಸೌತ್ ಮೆಲ್ಬರ್ನ್ ಹೆಲ್ಲಾಸ್ ಕ್ಲಬ್ಬಿನಲ್ಲಿ.

ಆದರೆ ಮಕ್ಕಳ ಏಳಿಗೆಯಿಂದ ಹೆತ್ತವರ ಲೆಕ್ಕ ಸರಿಹೋಗಲಿಲ್ಲ, ಅದನ್ನು ನೀವು ತಿಳಿದಿರಬೇಕು. ಸಂಬಳದ ಮೇಲೆ ಕಡ್ಡಾಯವಾಗಿ ನಿವೃತ್ತಿ ನಿಧಿ ಕಟ್ಟುವ ಪದ್ಧತಿ, ಅಂದರೆ ಎಲ್ಲರೂ ‘ಸೂಪರ್’ ಎನ್ನುವ ಸೂಪರ್‌ಆನ್ಯುಯೇಷನ್, ಇಲ್ಲಿ ಬಂದದ್ದು 1992ರಲ್ಲಿ. ಅಷ್ಟು ಹೊತ್ತಿಗೆ ಈ ಅಜ್ಜಿಯಂಥವರ ದುಡಿಮೆಯ ಕಾಲ ಮುಗಿಯುತ್ತಿತ್ತು. ಆಮದು ಸುಂಕವನ್ನು 1973ರಲ್ಲಿ ಒಂದೇ ಏಟಿಗೆ ಕಾಲು ಭಾಗ ಇಳಿಸಿದ ಮೇಲೆ ಬಟ್ಟೆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ್ದವು. ಬೆನ್ನು ನೋವು, ಮುರಿದ ಇಂಗ್ಲಿಷ್, ಐವತ್ತು ದಾಟಿದ ವಯಸ್ಸು. ಬೇರೆ ಕೆಲಸ ಯಾರು ಕೊಡುತ್ತಾರೆ? ಕೊನೆಗೆ ಉಳಿದದ್ದು ಸರ್ಕಾರಿ ಪಿಂಚಣಿ ಮತ್ತು ಸಾಲ ತೀರಿಸಿದ ಮನೆ. ಇಂದು ನಾರ್ತ್‌ಕೋಟಿನಲ್ಲೋ ರಿಚ್ಮಂಡಿನಲ್ಲೋ ಅಂಥ ಹಳೆಯ ಮನೆ ಹತ್ತು ಲಕ್ಷ ಡಾಲರಿಗೂ ಮೇಲೆ ಬೆಲೆಬಾಳುತ್ತದೆ, ಅದರೊಳಗೆ ಇರುವ ಮುದುಕಿ ಚಳಿಗಾಲದಲ್ಲಿ ಹೀಟರ್ ಹಾಕಲು ಹಿಂದೆಮುಂದೆ ನೋಡುತ್ತಾಳೆ. ಆಸ್ತಿವಂತಳೋ ಬಡವಳೋ, ನೀವೇ ಹೇಳಿ.

ಗುಂಪು ಕಟ್ಟಿಕೊಂಡದ್ದರ ಫಲ ಕಾಣುವುದು ಇಂಥ ಜಾಗದಲ್ಲಿ. ಮೆಲ್ಬರ್ನಿನ ಗ್ರೀಕ್ ಸಮುದಾಯದ ಸಂಘ 1897ರದು. 1957ರಿಂದ ನಿಯೋಸ್ ಕಾಸ್ಮೋಸ್ ಎಂಬ ಗ್ರೀಕರ ಪತ್ರಿಕೆ ನಡೆಯುತ್ತಿದೆ. ಸಮುದಾಯದವರದೇ ಆದ ಶಾಲೆಗಳಿವೆ, ಎಪ್ಪತ್ತರ ದಶಕದಲ್ಲಿ ಶುರುವಾದ ಫ್ರೊಂಡಿಥಾ ವೃದ್ಧಾಲಯಗಳಿವೆ. ಮರೆವಿನ ಕಾಯಿಲೆ ಬಂದ ಮುದುಕರು ಮೊದಲು ಮರೆಯುವುದು ಆಮೇಲೆ ಕಲಿತ ಇಂಗ್ಲಿಷನ್ನು. ಆಗ ಗ್ರೀಕ್ ಬಲ್ಲ ದಾದಿ, ಪರಿಚಯದ ಅಡುಗೆ, ಈಸ್ಟರಿನ ಕೆಂಪು ಮೊಟ್ಟೆ ಇವೇ ಚಿಕಿತ್ಸೆಯ ಅರ್ಧ. ನಿಮ್ಮ ಸಹೋದ್ಯೋಗಿ ಗೇಲಿ ಮಾಡಿದ ಗುಂಪುಗಾರಿಕೆ ದುಡಿದು ಕಟ್ಟಿದ್ದು ಇದನ್ನು. ಒಮ್ಮೆ ಭಾನುವಾರ ಓಕ್ಲಿಯ ಈಟನ್ ಮಾಲ್ ಬೀದಿಗೆ ಹೋಗಿ ಕಾಫಿ ಕುಡಿಯಿರಿ. ಅಲ್ಲಿ ಕುಳಿತವರಲ್ಲಿ ಯಾರೂ ಸೋತವರಂತೆ ಕಾಣುವುದಿಲ್ಲ.

ಇನ್ನು ನಮ್ಮ ವಿಷಯ. ಬಂದ ಬಾಗಿಲಿನ ಲೆಕ್ಕದಲ್ಲಿ ನೀವೂ ನಾನೂ ಯುದ್ಧಾನಂತರದ ಜರ್ಮನ್ನರ ಕಡೆಯವರು: ಓದು, ವಯಸ್ಸು, ಇಂಗ್ಲಿಷ್ ಎಲ್ಲಕ್ಕೂ ಅಂಕ ಹಾಕಿ ಆರಿಸಿದ ಮೇಲೆ ಒಳಗೆ ಬಿಟ್ಟವರು. ಭಾರತೀಯರ ಸರಾಸರಿ ವರಮಾನ ಚೆನ್ನಾಗಿದೆ ಎಂದು ಯಾರಾದರೂ ಬೆನ್ನು ತಟ್ಟಿದರೆ ಉಬ್ಬಬೇಡಿ, ಜರಡಿ ಹಿಡಿದವರು ಅವರೇ. ವಿದ್ಯಾರ್ಥಿಯಾಗಿ ಬಂದು ರಾತ್ರಿಯೆಲ್ಲ ಟ್ಯಾಕ್ಸಿ ಓಡಿಸಿದ, ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿದ ನಮ್ಮ ಹುಡುಗರನ್ನು ಕೇಳಿದರೆ ಅವರ ಕಥೆ ಗ್ರೀಕರದ್ದನ್ನೇ ಹೋಲುತ್ತದೆ. ಅವರಿಗೆ ಆ ಕಾಲದ ಕಾರ್ಖಾನೆಯ ಕಾಯಂ ಕೆಲಸವೂ ಇಲ್ಲ. ಫೋರ್ಡ್ 2016ರಲ್ಲಿ, ಟೊಯೋಟಾ ಮತ್ತು ಹೋಲ್ಡನ್ 2017ರಲ್ಲಿ ಇಲ್ಲಿ ಕಾರು ತಯಾರಿಸುವುದನ್ನೇ ನಿಲ್ಲಿಸಿದವು.

ಮನೆಯ ಪ್ರಶ್ನೆಗೆ: ಟಾರ್ನೀಟ್, ಪಾಯಿಂಟ್ ಕುಕ್ ಕಡೆ ನಮ್ಮವರು ಹೆಚ್ಚಿದ್ದಾರೆ ಎಂಬ ಕಾರಣಕ್ಕೆ ಹೆದರಬೇಡಿ, ಆ ಕಾರಣಕ್ಕೇ ಹೋಗಲೂ ಬೇಡಿ. ರೈಲು ನಿಲ್ದಾಣ ಎಷ್ಟು ದೂರ, ಶಾಲೆಯಲ್ಲಿ ಜಾಗ ಇದೆಯೇ ಎಂದು ನೋಡಿ. ಮಗಳ ಇಂಗ್ಲಿಷ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಅದು ನಿಮ್ಮನ್ನು ಕೇಳದೆ ಬರುತ್ತದೆ. ಕನ್ನಡ ಹಾಗಲ್ಲ, ವಾರಾಂತ್ಯದ ಕನ್ನಡ ಶಾಲೆಗೆ ಮೊದಲ ವರ್ಷವೇ ಸೇರಿಸಿ. ಮುಂದೆ ನೋಡೋಣ ಎಂದವರ ಮಕ್ಕಳು ಈಗ ಅಜ್ಜಿಯ ಜೊತೆ ವೀಡಿಯೊ ಕರೆಯಲ್ಲಿ ಕೈ ಬೀಸಿ ಸುಮ್ಮನಾಗುತ್ತಾರೆ.

ತಂದೆ ತಾಯಿಯ ವಿಷಯದಲ್ಲಿ ಮಾತ್ರ ಒಳ್ಳೆಯ ಸುದ್ದಿ ಇಲ್ಲ. ಗ್ರೀಕರು ಅಪ್ಪ ಅಮ್ಮನನ್ನು ಕರೆಸಿಕೊಂಡ ಕಾಲದ ಸಲೀಸು ಈಗಿಲ್ಲ. ಪೋಷಕರ ಸಾಮಾನ್ಯ ವೀಸಾಕ್ಕೆ ಮೂರು ದಶಕ ಕಾಯಬೇಕಾದೀತು ಎಂದು ಸರ್ಕಾರವೇ ಹೇಳುತ್ತದೆ. ಹಣ ಕಟ್ಟಿ ಪಡೆಯುವ ವೀಸಾಕ್ಕೆ ತಲೆಗೆ ನಲವತ್ತು ಸಾವಿರ ಡಾಲರಿಗೂ ಹೆಚ್ಚು ಬೇಕು, ಅದರ ಸರದಿಯೂ ಉದ್ದವೇ. ಮೂರು ಅಥವಾ ಐದು ವರ್ಷದ ತಾತ್ಕಾಲಿಕ ವೀಸಾ ಒಂದಿದೆ, ಆದರೆ ಅದರಲ್ಲಿ ಬಂದವರಿಗೆ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ಸೌಲಭ್ಯ ಸಿಗುವುದಿಲ್ಲ, ಖಾಸಗಿ ಆರೋಗ್ಯ ವಿಮೆ ಮಾಡಿಸಲೇಬೇಕು. ಕಾಯಂ ಆಗಿ ಬಂದರೂ ವೃದ್ಧಾಪ್ಯ ಪಿಂಚಣಿಗೆ ಸಾಮಾನ್ಯವಾಗಿ ಹತ್ತು ವರ್ಷದ ವಾಸ ಬೇಕು. ಹಾಗಾಗಿ ಹುಬ್ಬಳ್ಳಿಯ ಮನೆಯನ್ನು ಮಾರಿಸುವ ಆತುರ ಬೇಡ. ಮೊದಲು ಒಂದು ಚಳಿಗಾಲ ಇಲ್ಲಿ ಕಳೆಯುವಂತೆ ಸಂದರ್ಶಕ ವೀಸಾದಲ್ಲಿ ಕರೆಸಿ ನೋಡಿ, ಜೂನ್ ತಿಂಗಳಿನಲ್ಲಿ. ಇಲ್ಲಿ ಬೇಸಿಗೆಯಾದ ಡಿಸೆಂಬರಿನಲ್ಲಿ ಕರೆಸಿದರೆ ಎಲ್ಲರಿಗೂ ಈ ಊರು ಇಷ್ಟವಾಗುತ್ತದೆ.

ಕೊನೆಯದಾಗಿ, ನಿಮ್ಮ ಹೆಂಡತಿ ಹೊಸ ಕೆಲಸ ಹುಡುಕುತ್ತಿದ್ದಾರೆ ಎಂದಿದ್ದೀರಿ. ಯಾರಾದರೂ ಕೈಗೇ ಹಣ ಕೊಡುತ್ತೇನೆ, ಕಾಗದಪತ್ರ ಬೇಡ ಎಂದರೆ ಒಪ್ಪಬೇಡಿ ಎಂದು ಹೇಳಿ. ಸಂಬಳದ ಚೀಟಿಯಲ್ಲಿ ಸೂಪರ್ ಎಂಬ ಸಾಲು ಇರಬೇಕು, ಈಗ ಅದು ಶೇಕಡಾ 12. ಆ ಹಣ ನಿಜವಾಗಿ ಖಾತೆಗೆ ಬಿದ್ದಿದೆಯೇ ಎಂದೂ ಆಗಾಗ ನೋಡಿಕೊಳ್ಳಲಿ.