ವೀಟೋ ಮಿತಿಯನ್ನು ಎಷ್ಟು ಇಳಿಸಬೇಕು?

ಬೇಡದ ಕಣ ಕಂಡೊಡನೆ ಆ ಘಟನೆಯನ್ನೇ ತಳ್ಳಿಹಾಕುವ ವೀಟೋ ಶೋಧಕದ ಶಕ್ತಿಮಿತಿಯನ್ನು (ಕಣವೆಂದು ಗುರುತಿಸಲು ಬೇಕಾದ ಕನಿಷ್ಠ ಶಕ್ತಿಯನ್ನು) ಆದಷ್ಟು ಇಳಿಸಿದರೆ ಹಿನ್ನೆಲೆಯೆಲ್ಲ, ಅಂದರೆ ಬೇಕಾದವುಗಳಂತೆ ಕಾಣುವ ಬೇಡದ ಘಟನೆಗಳೆಲ್ಲ, ಹೋಗುವುದಿಲ್ಲವೇ ಎಂದು ಕೇಳಿದ್ದೀರಿ. ಒಂದಷ್ಟು ಹೋಗುತ್ತದೆ, ಜೊತೆಗೆ ನಿಮಗೆ ಬೇಕಾದ ಘಟನೆಗಳೂ ಹೋಗುತ್ತವೆ.

ಯುರೋಪಿನ ಕಣಭೌತ ಪ್ರಯೋಗಾಲಯ ಸರ್ನ್‌ನ ಎನ್‌ಎ62 ಪ್ರಯೋಗವನ್ನೇ ನೋಡಿ. ಅಲ್ಲಿ ಹುಡುಕುವುದು ಕೇಯಾನ್ ಎಂಬ ಅಲ್ಪಾಯುಷಿ ಕಣ ಒಂದು ಪಯಾನ್ (ಅದಕ್ಕಿಂತ ಹಗುರವಾದ ಕಣ) ಮತ್ತು ಶೋಧಕಕ್ಕೆ ಕಾಣದ ನ್ಯೂಟ್ರಿನೊ ಜೋಡಿಯಾಗಿ ಒಡೆಯುವುದನ್ನು; ಅದು ಸಾವಿರ ಕೋಟಿಗೆ ಸುಮಾರು ಒಂದು ಸಲ. ನೂರಕ್ಕೆ ಇಪ್ಪತ್ತು ಸಲ ಪಯಾನ್ ಜೊತೆ ತಟಸ್ಥ ಪಯಾನ್ ಹುಟ್ಟುತ್ತದೆ; ಅದು ಒಡೆದು ಬರುವ ಎರಡೂ ಫೋಟಾನ್‌ಗಳು (ಬೆಳಕಿನ ಕಣಗಳು) ತಪ್ಪಿಸಿಕೊಂಡರೆ ಪಯಾನ್ ಮಾತ್ರ ಕಂಡು, ಮೋಸ ಹೋದಂತೆಯೇ.

ಅವರ ಉಪಾಯ ನನಗೆ ಬಹಳ ಇಷ್ಟ. ಕೇಯಾನ್ ಕಿರಣದ ಸಂವೇಗ 75 ಜಿಇವಿ (ಕಣಗಳ ಶಕ್ತಿ, ಸಂವೇಗ ಅಳೆಯುವ ಮಾನ). ಮೂಲ ಯೋಜನೆಯಲ್ಲಿ ಪಯಾನ್‌ನ ಸಂವೇಗ 35ಕ್ಕಿಂತ ಕಡಿಮೆ ಇರುವ ಘಟನೆಗಳನ್ನಷ್ಟೇ ಆರಿಸುತ್ತಿದ್ದರು. ಹಾಗಾಗಿ ಫೋಟಾನ್‌ಗಳ ಪಾಲಿಗೆ ಕನಿಷ್ಠ 40 ಜಿಇವಿ ಉಳಿಯುತ್ತಿತ್ತು, ಅಷ್ಟು ಶಕ್ತಿ ಅಡಗಿಕೊಳ್ಳುವುದು ಕಷ್ಟ. ಓರೆಯಾಗಿ ಹೊರಟ ಫೋಟಾನ್‌ಗಳನ್ನು ಹಿಡಿಯಲು ಸರ್ನ್‌ನದೇ ಹಳೆಯ ಓಪಲ್ ಪ್ರಯೋಗದ ಸೀಸದ ಗಾಜಿನ ಗಟ್ಟಿಗಳನ್ನು 12 ನೆಲೆಗಳಲ್ಲಿ ಉಂಗುರದಂತೆ ಜೋಡಿಸಿದ್ದಾರೆ.

ಇಷ್ಟಾದರೂ 2018ರ ದತ್ತಾಂಶದಲ್ಲಿ ಸಂಬಂಧವಿಲ್ಲದ ಕಣಗಳು ಆಕಸ್ಮಿಕವಾಗಿ ವೀಟೋ ಎಬ್ಬಿಸಿದ್ದರಿಂದ ಮೂರರಲ್ಲೊಂದು ಪಾಲು ಒಳ್ಳೆಯ ಘಟನೆಗಳು ಕೈತಪ್ಪಿದವು. ಮಿತಿ ಇಳಿಸಿದಷ್ಟೂ ಇಂಥ ಸುಳ್ಳು ವೀಟೋ ಹೆಚ್ಚುತ್ತದೆ. ಆದ್ದರಿಂದ ಮೊದಲು ಕಾಲನಿಖರತೆ ಸುಧಾರಿಸಿ, ವೀಟೋ ಕಿಟಕಿಯನ್ನು (ಕಣ ಬಂದರೆ ಘಟನೆಯನ್ನು ತಳ್ಳಿಹಾಕುವ ಕಾಲಾವಧಿಯನ್ನು) ಕೆಲವೇ ನ್ಯಾನೋಸೆಕೆಂಡಿಗೆ ಕಿರಿದುಗೊಳಿಸಿ. ಮಿತಿ ಇಳಿಸುವ ಯೋಚನೆ ಆಮೇಲೆ.